ತಿರುವಿನಲ್ಲಿ ಕಾಲು ಎತ್ತಬಾರದು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಾವನ ಹೆಗಲಿನ ಪಟ್ಟಿ ಬಿಚ್ಚಿದ್ದು ಯುಗಾದಿಗೆ ಮುಂಚೆಯೋ ಆಮೇಲೋ, ಅವನು ನಮ್ಮ ಮನೆಯಲ್ಲಿದ್ದದ್ದು ಆರು ವಾರವೋ ಎಂಟು ವಾರವೋ, ನನಗೆ ಖಚಿತವಿಲ್ಲ. ತಮ್ಮನನ್ನು ಕೇಳಿದರೆ ಅವನಿಗೆ ಆ ದಿನಗಳ ರೇಸ್ ಆಟದ ಲ್ಯಾಪ್ ಟೈಮ್ ಮಾತ್ರ ನೆನಪಿದೆ. ಅವ್ವನನ್ನು ಕೇಳಿದರೆ ಎಲ್ಲವೂ ಖಚಿತ, ಅದೇ ತೊಂದರೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಯಾರು ಹೇಳಿದರು, ಎಲ್ಲಿ ನಿಂತು ನೋಡಿದರು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ಪ್ರತಿ ಸಾಕ್ಷಿಯನ್ನೂ ಕೇಳಬೇಕೆಂದು ಎರಡು ವರ್ಷ ಕಲಿತಿದ್ದೇನೆ. ಅದನ್ನು ಹೊಯ್ಸಳರ ಮೇಲೆ ಪ್ರಯೋಗಿಸಿದೆನೇ ಹೊರತು ಮನೆಯವರ ಮೇಲೆ ಪ್ರಯೋಗಿಸಲಿಲ್ಲ.

ಮೊದಲು ತಮ್ಮನ ಆಟದ ವಿಷಯ ಹೇಳಬೇಕು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಅವನಿಗೆ ಪಾಳಿ ಕೆಲಸ. ಮೊದಲ ಪಾಳಿ ಮುಗಿಸಿ ಮೂರೂವರೆಗೆ ನಂಜನಗೂಡಿನ ಮನೆಗೆ ಬಂದು, ಕೈಕಾಲು ತೊಳೆದು, ಟಿವಿಯ ಮುಂದೆ ಕೂತು ಜರ್ಮನಿಯ ಯಾವುದೋ ಕಾಡಿನ ರಸ್ತೆಯಲ್ಲಿ ರೇಸ್ ಕಾರು ಓಡಿಸುತ್ತಾನೆ. ಅದಕ್ಕೆಂದೇ ಒಂದು ಸ್ಟೇರಿಂಗ್, ಮೂರು ಪೆಡಲ್ ತರಿಸಿದ್ದಾನೆ. ಸ್ಟೇರಿಂಗ್ ಬಿಗಿಯಲು ಗಟ್ಟಿ ಮೇಜು ಬೇಕಂತೆ. ನಮ್ಮ ಮನೆಯಲ್ಲಿ ಗಟ್ಟಿಯಾಗಿರುವುದು ಅವ್ವನ ಹೊಲಿಗೆ ಮಿಷನ್ ಒಂದೇ. ಹಾಗಾಗಿ ಅದರ ಹಲಗೆಗೇ ಕಚ್ಚಿಸಿದ. ಕೆಳಗೆ ಮಿಷನ್ನಿನ ಕಬ್ಬಿಣದ ತುಳಿಪಟ್ಟಿ, ಅದರ ಪಕ್ಕಕ್ಕೆ ಆಕ್ಸಿಲರೇಟರು, ಬ್ರೇಕು. ಮೂವತ್ತನಾಲ್ಕು ವರ್ಷದ ಗಂಡಸು ಹೆಲ್ಮೆಟ್ ಒಂದು ಬಿಟ್ಟು ಉಳಿದೆಲ್ಲ ಗಾಂಭೀರ್ಯದೊಂದಿಗೆ ಹೊಲಿಗೆ ಮಿಷನ್ ಮುಂದೆ ಕೂರುವುದನ್ನು ನೋಡಿದವರಿಗೆ ವೇಗದ ಮೇಲೆ ಗೌರವ ಉಳಿಯುವುದು ಕಷ್ಟ.

ಅವನಿಗೆ ಇಷ್ಟವಾದದ್ದು ಹಿಂದೆ ಇಂಜಿನ್ ಇರುವ ಕಾರು. ಬೇರೆ ಕಾರು ಯಾರು ಬೇಕಾದರೂ ಓಡಿಸುತ್ತಾರೆ, ಇದಕ್ಕೆ ಕಲೆ ಬೇಕು ಎನ್ನುತ್ತಿದ್ದ. ನಾನು ಕೇಳದೆಯೇ ಪಾಠ ಹೇಳಿದ. ಇಂಜಿನ್ನಿನ ಭಾರವೆಲ್ಲ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುತ್ತದೆ, ಮೂತಿ ಹಗುರ. ತಿರುವಿಗೆ ಜೋರಾಗಿ ಹೋದರೆ ಮೂತಿ ತಿರುಗುವುದೇ ಇಲ್ಲ, ನೇರ ಹುಲ್ಲಿನ ಕಡೆ ಎಳೆಯುತ್ತದೆ. ಆಗ ಹೆದರಿ ಆಕ್ಸಿಲರೇಟರಿನಿಂದ ಕಾಲು ಎತ್ತಿದಿರೋ ಕೆಟ್ಟಿರಿ. ಭಾರ ಥಟ್ಟನೆ ಮುಂದಕ್ಕೆ ಬರುತ್ತದೆ, ಮೂತಿ ನೆಲ ಕಚ್ಚುತ್ತದೆ, ಹಿಂಭಾಗ ಹಗುರವಾಗಿ ಹೊರಕ್ಕೆ ಬೀಸುತ್ತದೆ, ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆ ಬೆನ್ನಿನ ಕಡೆಯಿಂದ ತಿರುಗಿ ನಿಮ್ಮನ್ನು ಗೋಡೆಗೆ ಒತ್ತುವ ಹಾಗೆ. ಆದ್ದರಿಂದ ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಬೇಕು. ತಿರುವಿನೊಳಗೆ ಕಾಲು ಪೆಡಲಿನ ಮೇಲೆ ಹದವಾಗಿ ಇರಲೇಬೇಕು. ಎಮ್ಮೆಯ ಮಾತು ನನ್ನದು. ಅವನು ಬಳಸಿದ್ದು ಎಲ್ಲ ಇಂಗ್ಲಿಷ್ ಪದಗಳು.

ಇಷ್ಟೆಲ್ಲ ಹೇಳಿ ಮುಗಿಸಿದವನು ಅದೇ ಸುತ್ತಿನಲ್ಲಿ, ಒಂದು ಇಳಿಜಾರಿನ ಎಡ ತಿರುವಿನಲ್ಲಿ, ಕಾಲು ಎತ್ತಿದ. ಕಾರು ಎರಡು ಸಲ ಗಿರಗಿರನೆ ಸುತ್ತಿ ಬೇಲಿಗೆ ಬೆನ್ನು ಕೊಟ್ಟು ನಿಂತಿತು. ಮರುದಿನವೂ ಅಲ್ಲೇ. ಅದರ ಮರುದಿನವೂ. ಅವನನ್ನು ಪೂರ್ತಿ ದೂರುವಂತಿಲ್ಲ. ನಮ್ಮ ಮನೆಯಲ್ಲಿ ಸೈಕಲ್ಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲರಿಗೂ ಕಲಿಸಿದ್ದು ಒಂದೇ ಪಾಠ: ತಿರುವು ಬಂದರೆ ಎಕ್ಸಲೇಟ್ರು ಬಿಡು. ಜೀವವೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ. ನಮ್ಮ ವಂಶದ ಇಡೀ ಎಚ್ಚರಿಕೆಯನ್ನು ತಪ್ಪು ಎಂದು ತೋರಿಸಲು ಯಾರೋ ಪುಣ್ಯಾತ್ಮರು ಆ ಕಾರು ಮಾಡಿದಂತಿತ್ತು.

ಇನ್ನೊಂದು ಪದ್ಧತಿಯೂ ನಮ್ಮಲ್ಲಿದೆ. ಗಾಡಿಯಲ್ಲಿ ಮುಂದೆ ಕೂತವನು ಹ್ಯಾಂಡಲ್ ಹಿಡಿಯುತ್ತಾನೆ, ಓಡಿಸುವುದು ಹಿಂದೆ ಕೂತವರು. ಅವ್ವ ಇವತ್ತಿನವರೆಗೆ ಒಂದು ಸ್ಕೂಟರಿನ ಸ್ಟ್ಯಾಂಡ್ ಕೂಡ ತೆಗೆದವಳಲ್ಲ. ಆದರೆ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಓಡಿದ ಎಷ್ಟೋ ಬಾಡಿಗೆ ಕಾರು, ಆಟೋಗಳನ್ನು ಬಾಯಲ್ಲೇ ಓಡಿಸಿದ್ದಾಳೆ. ಅವಳ ಮಗಳಾಗಿ ನಾನೂ ಓಡಿಸಿದ್ದೇನೆ.

ಮಾವ ಎಂದರೆ ಅವ್ವನ ತಮ್ಮ. ತಿ. ನರಸೀಪುರದಲ್ಲಿ ಸುಮಾರು ಮೂವತ್ತು ವರ್ಷದಿಂದ ಆಟೋ ಓಡಿಸುತ್ತಿರುವವನು. ಆ ವರ್ಷ ನಾವು ಅವನ ಹೆಂಡತಿ, ನಮ್ಮ ಅತ್ತೆಗೆಂದು ಒಂದು ವೆಟ್ ಗ್ರೈಂಡರ್ ಕೊಡಿಸಿದ್ದೆವು. ಅದನ್ನೂ ಅವ್ವನನ್ನೂ ನನ್ನನ್ನೂ ಕರೆದೊಯ್ಯಲು ಅವನೇ ಆಟೋ ತಂದ. ಗ್ರೈಂಡರನ್ನು ಸೀಟಿನ ಹಿಂದೆ, ಇಂಜಿನ್ ಮೇಲಿನ ಜಾಗದಲ್ಲಿ ಹಗ್ಗ ಹಾಕಿ ಕಟ್ಟಿದೆವು. ಅರ್ಧ ದಾರಿ ದಾಟಿದ ಮೇಲೆ ನಾಲೆಯ ಪಕ್ಕ ಒಂದು ತಿರುವಿದೆ. ಅಲ್ಲಿ ಆಟೋ ಒಂದು ಕಡೆಗೆ ಎದ್ದು, ಯೋಚಿಸುವಂತೆ ಒಂದು ಕ್ಷಣ ನಿಂತು, ಮಲಗಿಕೊಂಡಿತು. ಅವ್ವನಿಗೆ ಮೊಣಕೈ ತರಚಿತು, ನನಗೆ ಚಪ್ಪಲಿ ಕಳೆಯಿತು, ಮಾವನ ಹೆಗಲ ಮುಂದಿನ ಕೊರಳೆಲುಬು ಮುರಿಯಿತು. ಗ್ರೈಂಡರಿಗೆ ಏನೂ ಆಗಲಿಲ್ಲ. ಈಗಲೂ ಅದರಲ್ಲೇ ಅತ್ತೆ ಇಡ್ಲಿಗೆ ರುಬ್ಬುತ್ತಾಳೆ.

ಆಸ್ಪತ್ರೆಗೆ ಅತ್ತೆ ಓಡಿ ಬಂದಳು. ಅವ್ವ ಆಗಲೇ ತೀರ್ಪು ಕೊಟ್ಟಿದ್ದಳು: ನಿದ್ದೆ ಹೊಡೆದ. ಅತ್ತೆ ನನ್ನ ಕಡೆ ತಿರುಗಿ, "ನೀ ಓದಿರೋಳು, ನೀ ಯೋಳವ್ವ," ಎಂದಳು. ಮಂಪರು ಬಂದಿರಬಹುದು ಎಂದೆ. ಬೆಳಿಗ್ಗೆ ಬೇಗ ಎದ್ದಿದ್ದನಲ್ಲ ಎಂದು ಒಂದು ಆಧಾರವನ್ನೂ ಸೇರಿಸಿದೆ. ನನ್ನ ಆ 'ಇರಬಹುದು' ನರಸೀಪುರದ ಬಸ್ಸು ಹತ್ತಲಿಲ್ಲ. ಓದಿದವಳೇ ಕಣ್ಣಾರೆ ನೋಡಿದಳಂತೆ ಎಂಬ ಮಾತು ಮಾತ್ರ ಸೀಟು ಹಿಡಿದು ಹೋಯಿತು. ಅಲ್ಲಿನ ಆಟೋ ಸ್ಟ್ಯಾಂಡಿನಲ್ಲಿ ಅವನ ಗಾಡಿಗೆ ದಿನವೂ ಮಕ್ಕಳನ್ನು ಹತ್ತಿಸುತ್ತಿದ್ದವರು ಬೇರೆ ಆಟೋ ನೋಡಿಕೊಂಡರು. ಅತ್ತೆ ರಿಪೇರಿ ಮಾಡಿಸಿ ಕೀ ಎತ್ತಿಟ್ಟಳು. ಪಟ್ಟಿ ಬಿಚ್ಚಿದ ಮೇಲಿನ ಒಂದು ಸೋಮವಾರ ಆಟೋ ಕೊಳ್ಳುವವರು ಬರುತ್ತಾರೆಂದು ಗೊತ್ತಾಯಿತು. ಮಾವ ಒಂದೇ ಸಲ ಬಾಯಿ ಬಿಟ್ಟ. "ನಾನು ನಿದ್ದೆ ಮಾಡ್ನಿಲ್ಲ ಕಣಕ್ಕ," ಎಂದ. ಯಾವ ನಿದ್ದೆಗಣ್ಣಿನವನು ಒಪ್ಪಿಕೊಂಡಿದ್ದಾನೆ ಎಂದಳು ಅವ್ವ. ಅವನು ಡಾಕ್ಟರಿಗೆ ವಾರವಾರ ತೋರಿಸಬೇಕೆಂದು ನಮ್ಮ ಮನೆಯಲ್ಲೇ ಉಳಿದ, ಟಿವಿ ಎದುರಿನ ಕುರ್ಚಿಯಲ್ಲಿ.

ಪಟ್ಟಿ ಬಿಚ್ಚಿದಾಗ ಡಾಕ್ಟರು ಕೈ ಆಡಿಸುತ್ತಿರಿ ಎಂದರು. ತಮ್ಮ ತಕ್ಷಣ ತನ್ನ ಸ್ಟೇರಿಂಗನ್ನು ವೈದ್ಯಕೀಯ ಸಾಧನವೆಂದು ಘೋಷಿಸಿದ. ಮೊದಲ ದಿನ ಮಾವ ಚಪ್ಪಲಿ ಕಳಚಿ, ಸ್ಟೇರಿಂಗಿಗೆ ಒಂದು ಸಲ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬ್ರೇಕ್ ಎಂದುಕೊಂಡು ಹೊಲಿಗೆ ಮಿಷನ್ನಿನ ತುಳಿಪಟ್ಟಿ ತುಳಿದ. ಟಿವಿಯಲ್ಲಿ ಕಾರು ಮರಕ್ಕೆ ಹೊಡೆಯಿತು, ಇಲ್ಲಿ ಸೂಜಿ ಟಕಟಕ ಆಡಿತು. ಹಾರನ್ ಎಲ್ಲಿ ಎಂದು ಕೇಳಿದ. ಇಲ್ಲ ಎಂದಾಗ ಇದೆಂಥ ಗಾಡಿ ಎಂಬಂತೆ ನೋಡಿದ.

"ಇಂಜಿನ್ ಎಲ್ಲದೆ ಕಣ್ಲಾ ಇದ್ಕೆ?"

"ಹಿಂದೆ ಮಾವ. ಅದೇ ಇದರ ಸ್ಪೆಷಲ್."

"ನಮ್ದೂ ಇಂದ್ಕೇ ಅಲ್ವೇನ್ಲಾ ಇರದು," ಎಂದು ಮಾವ ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು.

ಎರಡನೆಯ ದಿನದಿಂದ ಅವನು ಕಾರನ್ನು ತನ್ನ ಚಾಳಿಗೆ ತಂದುಕೊಂಡ. ತಿರುವಿಗೆ ಬಹಳ ಮೊದಲೇ ವೇಗ ಇಳಿಸಿ, ಒಳಗೆ ಹೋದ ಮೇಲೆ ಒಂದೇ ಹದದಲ್ಲಿ ಕಾಲು ಇಟ್ಟು, ಹೊರಗೆ ಬಂದ ಮೇಲೆ ಒತ್ತುತ್ತಿದ್ದ. ಹಿಂದಿನಿಂದ ಬಂದವರಿಗೆಲ್ಲ ಸೈಡ್ ಕೊಡುತ್ತಿದ್ದ. ಪ್ರತಿ ರೇಸಿನಲ್ಲೂ ಕೊನೆಯ ಸ್ಥಾನ, ಆದರೆ ಕಾರು ಒಮ್ಮೆಯೂ ಸುತ್ತಲಿಲ್ಲ. ಇದು ಶೇರ್ ಆಟೋ ಅಲ್ಲ ಮಾವ ಎಂದು ತಮ್ಮ ಹೀಯಾಳಿಸಿದ. ನೀನು ಬೇಲಿಗೆ ಬೆನ್ನು ಉಜ್ಜೋದು ಮುಗಿಸಿ ಬಾ, ಆಮೇಲೆ ನೋಡೋಣ ಎಂದ ಮಾವ.

ಮೂರನೆಯ ದಿನವೋ ನಾಲ್ಕನೆಯದೋ. ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು. ಟಿವಿಯಲ್ಲಿ ಆ ಇಳಿಜಾರಿನ ಎಡ ತಿರುವು ಬಂತು. ಅವ್ವ ತಲೆ ಎತ್ತಿ ನೋಡಿ, "ನಿದಾನ ಕಣೋ, ನಿದಾನ," ಎಂದು ಕೂಗಿದಳು. ಮಾವನ ಕಾಲು ಪೆಡಲಿನಿಂದ ತಾನಾಗಿ ಎದ್ದಿತು, ಬ್ರೇಕಿನ ಮೇಲೆ ಬಿತ್ತು. ಕಾರು ಸುತ್ತಿ ಬೇಲಿಗೆ ಹೋಯಿತು.

ಅವನು ಸ್ಟೇರಿಂಗ್ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡ. "ಆವತ್ತೂ ಇಂಗೇ ಕಣಕ್ಕ ಆಗಿದ್ದು. ಅರ್ಧ ತಿರುವ್ನಲ್ಲಿ ಕೂಗುದ್ರಿ. ನಾನು ಎಕ್ಸಲೇಟ್ರು ಗ್ರಿಪ್ ಬುಟ್ಟು ಬ್ರೇಕ್ ತುಳ್ದೆ."

"ನಾನೆಲ್ಲಿ ಕೂಗ್ದೆ? ಕೂಗಿದ್ದು ಇವಳು," ಎಂದು ಅವ್ವ ಸೊಪ್ಪಿನ ಕಡ್ಡಿಯಿಂದ ನನ್ನನ್ನು ತೋರಿಸಿದಳು.

"ಯಾರೋ ಒಬ್ರು. ಬುಡಿ ಅತ್ಲಾಗಿ," ಎಂದ ಮಾವ.

ಆಟೋಗೂ ಆ ಕಾರಿಗೂ ಹೋಲಿಕೆ ಸರಿಯಲ್ಲ, ನಾಲ್ಕು ಚಕ್ರದ್ದು ಸುತ್ತುತ್ತದೆ, ಮೂರು ಚಕ್ರದ್ದು ಮಗುಚುತ್ತದೆ ಎಂದು ತಮ್ಮ ವಿವರಿಸಲು ಹೋದ. ಅದು ನಿಜವೇ ಇರಬೇಕು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಆ ದಿನದ ಆಟೋದೊಳಗೆ ಮತ್ತೆ ಕೂತು ನೋಡಲು ಯತ್ನಿಸುತ್ತಿದ್ದೆ. ಕೂಗು ಕೇಳಿಸುತ್ತದೆ, ಯಾರ ಗಂಟಲೆಂದು ತಿಳಿಯುವುದಿಲ್ಲ. ನಮ್ಮಿಬ್ಬರ ದನಿ ಒಂದೇ ಎಂದು ಫೋನಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಒಂದು ವಿಷಯ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ನಾನು ಕೂತಿದ್ದು ಅವನ ಹಿಂದೆ. ನನಗೆ ಕಂಡದ್ದು ಖಾಕಿ ಅಂಗಿಯ ಬೆನ್ನು. ಮುಚ್ಚಿದ್ದವೋ ತೆರೆದಿದ್ದವೋ ಎಂದು ಹೇಳಲು ಆ ಬೆನ್ನಿಗೆ ಕಣ್ಣಿರಲಿಲ್ಲ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಇಂಥ ಆಧಾರ ಬರೆದು ತಂದಿದ್ದರೆ ಸೊನ್ನೆ ಹಾಕಿ ಕಳಿಸುತ್ತಿದ್ದೆ.

ಸೋಮವಾರಕ್ಕೆ ಎರಡು ದಿನವಿತ್ತು. ಅತ್ತೆಗೆ ಫೋನ್ ಮಾಡಿದೆ. ಮಾವ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ, ನೋಡುವ ಹಾಗೆಯೇ ಇರಲಿಲ್ಲ, ಹಿಂದಿನಿಂದ ಕೂಗಿದ್ದು ನಮ್ಮಲ್ಲೇ ಒಬ್ಬರು ಎಂದೆ. ಟಿವಿ ಆಟದಲ್ಲಿ ಗೊತ್ತಾಯ್ತಾ ನಿಂಗೆ ಎಂದು ಅತ್ತೆ ಕೇಳಿದಳು. ಹೌದು ಎಂದು ಒಪ್ಪಿಕೊಳ್ಳಬೇಕಾಯಿತು. ಆ ಕಡೆ ಗ್ರೈಂಡರ್ ತಿರುಗುವ ಸದ್ದು ಬರುತ್ತಿತ್ತು.

"ಆವತ್ತೇ ಇಂಗಂದಿದ್ರೆ ನಿನ್ ಬಾಯೇನ್ ಸವೀತಿತ್ತಾ?" ಎಂದಳು ಅತ್ತೆ. "ಸ್ವಾಮ್ವಾರ ಬರೋರ್ಗೆ ಬ್ಯಾಡ ಅಂತೀನಿ. ಕೀ ಕೊಡ್ತೀನಿ. ಆದ್ರೆ ಮೊದ್ಲು ನೀವೇ ಕೂತ್ಕಂಡು ಆ ತಿರುವು ದಾಟ್ಬೇಕು. ನೀವು ಹತ್ತೋದ್ನ ಸ್ಟ್ಯಾಂಡ್ನೋರು ನೋಡ್ಬೇಕು."

ಅವ್ವನಿಗೆ ಆ ಸೋಮವಾರ ಮಂಡಿ ನೋವು ಬಂತು. ನಾನೂ ಮಾವನೂ ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆವು. ಸ್ಟ್ಯಾಂಡಿನ ಉಳಿದ ಡ್ರೈವರುಗಳು ಹಲ್ಲುಕಡ್ಡಿ ಕಚ್ಚಿಕೊಂಡು ನಿಂತು ನೋಡಿದರು. ಒಬ್ಬ, ಮೇಡಮ್ಮು ಇನ್ಸೂರೆನ್ಸ್ ಮಾಡಿಸಿದ್ದೀರಾ ಎಂದು ಕೇಳಿದ. ಹೊಸ ಹುಡ್ಡಿನ ವಾಸನೆಯಲ್ಲಿ, ಹಿಂದಿನ ಸೀಟಿನ ನಡುಮಧ್ಯೆ ನಾನೊಬ್ಬಳೇ ಕೂತೆ. ಊರು ದಾಟಿತು. ಗದ್ದೆ ಬಂದವು, ನಾಲೆ ಬಂತು. ತಿರುವು ಕಂಡಾಗ ನನ್ನ ಗಂಟಲಲ್ಲಿ 'ನಿದಾನ' ಎಂಬ ಆ ಮಾತು ಪೂರ್ತಿ ತಯಾರಾಗಿ ನಿಂತಿತ್ತು. ಅಷ್ಟು ಸಲೀಸಾಗಿ ಬಂದು ನಿಂತದ್ದಕ್ಕೇ ನನಗೆ ಹೆದರಿಕೆಯಾಯಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಮಾವ ನೇರ ದಾರಿಯಲ್ಲೇ ಬ್ರೇಕ್ ಮುಗಿಸಿದ, ಗ್ರಿಪ್ ಹದವಾಗಿ ಹಿಡಿದ, ಆಟೋ ಸ್ವಲ್ಪ ವಾಲಿ, ತಿರುಗಿ, ನೇರವಾಯಿತು. ಅಷ್ಟೇ. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ.

ಸೆರಗು ತೆಗೆದು ಮುಂದಕ್ಕೆ ಬಾಗಿದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ಮತ್ತೆ ರಸ್ತೆ ನೋಡಿದ. ಇಂಜಿನ್ ಸದ್ದಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅದಾದ ಮೇಲೆ ಎಷ್ಟೋ ಸಲ ಅವನ ಆಟೋ ಹತ್ತಿದ್ದೇನೆ, ಅವನು ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ಆವತ್ತು ಕೂಗಿದ್ದು ಅವ್ವನಾ, ನಾನಾ?"