ಮೊಳೆ ಹೊಡೆದ ಕಿಟಕಿ

ಹೊಲಿಗೆಯಮ್ಮನ ಕೋಣೆ ಬೀದಿಗಿಂತ ಎರಡು ಮೆಟ್ಟಿಲು ಕೆಳಗಿತ್ತು. ಮದುವೆಯಾದ ಹೊಸತರಲ್ಲಿ ಬಡಗಿ ಗಂಡ ಅವಳ ಮೆಷಿನ್ನನ್ನು ಅಲ್ಲಿಟ್ಟುಕೊಟ್ಟಿದ್ದ. ಆದರೆ ಕಿಟಕಿಯಿಂದ ಗಾಳಿ ಬೀಸಿದರೆ ಬಟ್ಟೆ ಕತ್ತರಿಸುವ ಅಳತೆಯ ಕಾಗದಗಳು ದಿಕ್ಕಾಪಾಲು. ಒಮ್ಮೆ ತೋಳಿನ ಕಾಗದ ಹಾರಿಹೋಗಿ, ಅವಳು ಅಂದಾಜಿನಲ್ಲೇ ಕತ್ತರಿಸಿ, ಯಾರದೋ ಅಂಗಿಗೆ ಒಂದು ತೋಳು ಗಿಡ್ಡವಾಯಿತು. ಅವತ್ತೇ ಗಂಡ ಕಿಟಕಿ ಮುಚ್ಚಿ ಮೊಳೆ ಹೊಡೆದ. "ಇನ್ನು ನಿನ್ನ ತೋಳು ಎಲ್ಲೂ ಓಡಲ್ಲ ನೋಡೇ" ಎಂದು ನಕ್ಕಿದ್ದ. ಅವನು ತೀರಿಕೊಂಡು ವರ್ಷಗಳೇ ಆದರೂ ಆ ಮೊಳೆಗಳ ತಲೆಯನ್ನು ಬಟ್ಟೆ ಚೂರಿನಿಂದ ಒರೆಸುವುದನ್ನು ಅವಳು ಬಿಟ್ಟಿರಲಿಲ್ಲ.

ಗಾಳಿ ಪರೀಕ್ಷೆಯ ಹುಡುಗಿಯೊಬ್ಬಳು ಬಂದು ಅಂಗಳದ ಮಣ್ಣು ಒಯ್ದಳು, ಮನೆಮನೆಯಲ್ಲೂ ಗಾಳಿ ಅಳೆಯುವ ಪುಟ್ಟ ಡಬ್ಬಿ ತೂಗುಹಾಕಿದಳು. ಕೆಲವು ತಿಂಗಳ ಮೇಲೆ ಮತ್ತೆ ಬಂದು, ಈ ಕೋಣೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಎಂದಳು.

"ಏನು ಹೆಚ್ಚು ತಾಯಿ?"

"ರೇಡಾನ್ ಅನ್ನೋ ಅನಿಲ ಅಮ್ಮ. ಮಣ್ಣಲ್ಲಿರೋ ಯುರೇನಿಯಂ ಸವೆದು ಸವೆದು ಇದು ಹುಟ್ಕೊಳತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಲ್ಲಿ ಒಳಗೆ ಬಂದು ಮುಚ್ಚಿದ ಕೋಣೇಲಿ ತುಂಬ್ಕೊಳತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಅಪಾಯ."

"ಪಕ್ಕದಲ್ಲೇ ನಮ್ಮ ನಾದಿನಿ ಮನೆ. ಅದೇ ಮಣ್ಣು. ಅಲ್ಲಿ ಯಾಕಿಷ್ಟಿಲ್ಲ?"

"ಮಣ್ಣು ಒಂದೇ. ಅಲ್ಲಿ ಗಾಳಿ ಆಡತ್ತೆ."

ಬಾಗಿಲಲ್ಲಿ ನಿಂತಿದ್ದ ನಾದಿನಿಗೆ ಅಷ್ಟೇ ಸಾಕಾಯಿತು. "ಕೇಳಿಸ್ತಾ ಅತ್ತಿಗೆ? ಬಾಗಿಲು ತೆರ್ಕೊಂಡು ಬೀದಿ ಸುದ್ದಿ ಕೇಳ್ತಾಳೆ ಅಂತ ನನ್ನ ಆಡ್ಕೊಳ್ತಿದ್ರಲ್ಲ!"

"ನಿನ್ನ ಮನೇಲಿ ಮಾತೇ ನಿಲ್ಲಲ್ಲ, ಇನ್ನು ಅನಿಲ ನಿಲ್ಲತ್ತಾ?"

ಹುಡುಗಿ ನಕ್ಕಳು. "ಬಿರುಕು ಮುಚ್ಚಿಸಿ, ಕಿಟಕಿ ತೆಗೀರಿ. ಆಮೇಲೆ ಮತ್ತೆ ಅಳೀತೀನಿ. ಇಲ್ಲಾಂದ್ರೆ ಇಲ್ಲಿ ಕೂತು ಹೊಲೀಬೇಡಿ."

ಗಾರೆಯವನು ಬಂದು ಬಿರುಕಿಗೆ ಸಿಮೆಂಟು ತುಂಬಿ ಹೋದ. ಕಿಟಕಿ ಮಾತ್ರ ಹಾಗೇ ಇತ್ತು. ಕೋಣೆ ಬಿಟ್ಟರೆ ಕಸುಬಿಲ್ಲ. ಮೊಳೆ ಕಿತ್ತರೆ ಅವನ ಕೈಗೆಲಸವನ್ನೇ ಕಿತ್ತಂತೆ. ಮೆಷಿನ್ನಿಗೆ ಗವುಸು ಹೊದಿಸಿ ಅವಳು ಹೊಲಿಗೆ ಬಿಟ್ಟು ಕುಳಿತಳು.

ನಾದಿನಿಗೆ ಅದನ್ನು ನೋಡಲಾಗಲಿಲ್ಲ. "ಅಣ್ಣ ಇದ್ದಿದ್ರೆ ಇಷ್ಟು ಹೊತ್ತು ಬಿಡ್ತಿದ್ನಾ? ನಿಮಗೋಸ್ಕರ ಹೊಡ್ದ, ನಿಮಗೋಸ್ಕರಾನೇ ಕೀಳ್ತಿದ್ದ."

ಹೊಲಿಗೆಯಮ್ಮ ಗಂಡನ ಪೆಟ್ಟಿಗೆಯಿಂದ ಇಕ್ಕಳ ತೆಗೆದಳು. ಅವನು ಹೊಡೆದ ಮೊಳೆ, ಅಷ್ಟು ಸುಲಭಕ್ಕೆ ಬರುತ್ತದೆಯೇ! ಕಿರುಗುಟ್ಟಿ, ಜಗ್ಗಾಡಿ, ಕೊನೆಗೆ ಸೋತು ಬಂದವು. ಅವನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಕೊಂಡು ಕಿಟಕಿ ತಳ್ಳಿದಳು. ಗಾಳಿ ಅದಕ್ಕೇ ಕಾದಿತ್ತೇನೋ, ಕಾಗದಗಳೆಲ್ಲ ಮೇಲೆದ್ದವು.

"ಅಯ್ಯೋ, ಹಿಡೀರಿ ಅಂದ್ರೆ!" ಆಗಿನ ಕಾಲದಲ್ಲಿ ಗಂಡನನ್ನು ಕೂಗುತ್ತಿದ್ದ ಮಾತೇ ಅವಳ ಬಾಯಿಗೆ ಬಂತು.

ಹೊಸ್ತಿಲಲ್ಲಿ ನಾದಿನಿ ತೋಳಿನ ಕಾಗದವನ್ನು ತುಳಿದು ಹಿಡಿದಿದ್ದಳು. "ಸಿಕ್ತು ಅತ್ತಿಗೆ."

"ಕಾಲು ತೆಗಿಯೇ, ಕೊಳೆಯಾಗತ್ತೆ."

ಕಾಗದಗಳನ್ನು ಒಟ್ಟುಮಾಡಿ, ಭಾರಕ್ಕೆ ಅವುಗಳ ಮೇಲೆ ಗಂಡನ ಇಕ್ಕಳವನ್ನೇ ಇಟ್ಟು, ಹೊಲಿಗೆಯಮ್ಮ ಮೆಷಿನ್ನಿನ ಗವುಸು ತೆಗೆದಳು.