ಮೂಲಂಗಿ ನಾರುವ ಕೈ

ಮೇಷ್ಟ್ರ ಕೈ ಯಾವಾಗಲೂ ಮೂಲಂಗಿ ನಾರುತ್ತಿತ್ತು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ನಮ್ಮ ಶೆಡ್ಡಿನ ಕೆಂಪು ಬಣ್ಣ. ಹರಿಹರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಯಾರೂ ಕೂರುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಆನೆಕೊಂಡದ ಹತ್ತಿರ ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ನಾನು ಕೆಲಸಕ್ಕಿದ್ದೆ. ಬಣ್ಣದ ನೀರನ್ನು ಮೋರಿಗೆ ಬಿಟ್ಟರೆ ಬೀಗ ಹಾಕುತ್ತೇವೆ ಎಂದು ಅಧಿಕಾರಿಗಳು ನೋಟಿಸು ಅಂಟಿಸಿದರು. ಬೀಗ ಬಿದ್ದರೆ ಹೆಂಗಸರೆಲ್ಲ ಬೀದಿಗೆ. ಆಗ ನೀರಿನ ಬಣ್ಣ ತೆಗೆಯಲು ಮಾಲೀಕ ಹರಿಹರದ ಕಾಲೇಜಿನ ಈ ಮೇಷ್ಟ್ರನ್ನು ಕರೆತಂದ.

ಮೂಲಂಗಿ ರಸದಲ್ಲಿ ಬಣ್ಣ ಮುರಿಯುವ ಕಿಣ್ವ ಇದೆಯಂತೆ. ಸುಮ್ಮನೆ ಸುರಿದರೆ ನೀರಿನ ಜೊತೆ ಹರಿದುಹೋಗುತ್ತದೆ. ಅದಕ್ಕೆ ರಸವನ್ನು ಒಂದು ಅಂಟಿನಲ್ಲಿ ಕಲಸಿ, ಉಪ್ಪಿನಂಥದ್ದೇನೋ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಡುತ್ತಿದ್ದರು. ಹನಿ ಗಟ್ಟಿಯಾಗಿ ಸಾಬುದಾನಿಯಂಥ ಗುಂಡಾಗುತ್ತಿತ್ತು. ಕಿಣ್ವ ಅದರೊಳಗೇ ಕೂತು ಮತ್ತೆ ಮತ್ತೆ ದುಡಿಯುತ್ತದೆ ಎಂದರು.

"ಕೂಡಿಹಾಕಿ ದುಡಿಸೋದು. ನಮ್ಮಂಗೇ ಅನ್ರಿ," ಎಂದೆ.

"ಅದು ನಿಮ್ಮಂಗೆ ಬಾಯಿ ಮಾಡಂಗಿಲ್ಲವ್ವ."

ಅವರು ಬಿಟ್ಟ ಗುಂಡಿಗೆಲ್ಲ ಬಾಲ. ನಾನು ಮದುವೆ ಮನೆಗಳಲ್ಲಿ ಬೂಂದಿ ಕರಿದವಳು. "ಕೈ ಎತ್ತರ ಸರಿ ಇಲ್ರಿ, ಇತ್ಲಾಗೆ ಕೊಡ್ರಿ," ಎಂದು ಕಸಿದುಕೊಂಡೆ. ಅಂದಿನಿಂದ ಗುಂಡು ಬಿಡುವುದು ನನ್ನ ಪಾಲಿಗೆ ಬಂತು. ಮೇಷ್ಟ್ರು ಹೊಗಳುವ ಮನುಷ್ಯರಲ್ಲ. ಒಂದನ್ನು ಬೆಳಕಿಗೆ ಹಿಡಿದು, "ಇದು ಗುಂಡು," ಎನ್ನುತ್ತಿದ್ದರು, ಅಷ್ಟೆ. ಗುಂಡುಗಳನ್ನು ಡ್ರಮ್ಮಿಗೆ ತುಂಬಿ ಮೇಲಿಂದ ಹಾಯಿಸಿದರೆ ಕೆಂಪು ನೀರು ತಿಳಿಯಾಗಿ ಇಳಿಯುತ್ತಿತ್ತು.

ಅಧಿಕಾರಿಗಳು ನೀರು ಪರೀಕ್ಷೆಗೆ ಬರುವ ದಿನ ಬೆಳಿಗ್ಗೆಯೇ ಶೆಡ್ಡು ತೊಳೆದೆ. ಡ್ರಮ್ಮಿನ ಗುಂಡುಗಳು ಕೆಂಪಗೆ, ಲೋಳೆಲೋಳೆಯಾಗಿದ್ದವು. ಹೊರಗಿನವರು ನೋಡುವಂಥದ್ದು ಹೀಗಿದ್ದರೆ ಹೇಗೆ? ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಹಾಕಿ, ಎರಡು ಸಲ ಜಾಲಿಸಿ ತುಂಬಿದೆ. ಬೆಳ್ಳಗಾದವು.

ಅಧಿಕಾರಿಗಳ ಎದುರು ನೀರು ಕೆಂಪಾಗಿಯೇ ಇಳಿಯಿತು.

ಮೇಷ್ಟ್ರು ಒಂದು ಹಿಡಿ ಗುಂಡು ತೆಗೆದು ಮೂಸಿದರು. ಬ್ಲೀಚಿಂಗ್ ನೀರಿಗೆ ಸುಕ್ಕುಗಟ್ಟಿದ ನನ್ನ ಕೈ ನೋಡಿದರು. ಆಮೇಲೆ ಅಧಿಕಾರಿಗಳ ಕಡೆ ತಿರುಗಿ, "ನನ್ನ ತಪ್ಪು ಐತ್ರಿ. ಇನ್ನೊಂದು ವಾರ ಕೊಡ್ರಿ," ಎಂದರು. ಅವರು ಕೊಡಲಿಲ್ಲ.

ಹೊರಗೆ ಹೋಗಿ ಕೇಳಿದೆ, "ನನ್ನ ಹೆಸರು ಯಾಕ ಹೇಳ್ಲಿಲ್ರಿ?"

"ಬ್ಲೀಚಿಂಗ್ ತಗಲಿದ್ರೆ ಕಿಣ್ವ ಸಾಯ್ತದೆ ಅಂತ ನಿಮಗೆ ಹೇಳಿದ್ನೇನವ್ವ? ಹೇಳಿರ್ಲಿಲ್ಲ. ಮತ್ತೆ ತಪ್ಪು ಯಾರದು?"

ಬೀಗ ಬಿತ್ತು. ನಾವು ಕೆಲವರು ಮಂಡಕ್ಕಿ ಹುರಿಯುವ ಭಟ್ಟಿ ಸೇರಿದೆವು. ಹೊಗೆಯಲ್ಲಿ ಕೆಮ್ಮು ಬಂದಾಗಲೆಲ್ಲ ಜೊತೆಯವರು, "ಆ ಮೂಲಂಗಿ ಮೇಷ್ಟ್ರು ನಮ್ಮನ್ನ ಹಾಳು ಮಾಡಿದ," ಎಂದು ಬೈಯುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಜರಡಿ ಹಿಡಿಯುತ್ತಿದ್ದೆ. ವರ್ಷಗಟ್ಟಲೆ ಬಾಯಿ ಬಿಡಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹರಿಹರಕ್ಕೆ ಹೋಗಿ ಮಣ್ಣು ಹಾಕಿ ಬಂದೆ. ಮಾರನೆಯ ದಿನ ಹಳೆಯ ಜೊತೆಯವರ ಮನೆಮನೆಗೆ ಹೋಗಿ, "ಅವತ್ತು ಗುಂಡು ತೊಳೆದೋಳು ನಾನು," ಎಂದೆ. ಒಬ್ಬಳು ಬೈದಳು. ಇನ್ನೊಬ್ಬಳು ಬಾಗಿಲು ಹಾಕಿಕೊಂಡಳು. ನಾನು ಮುಂದಿನ ಮನೆಗೆ ಹೋದೆ.