ರೊಟ್ಟಿಯ ಅಂಚು

ನಮ್ಮ ಅಜ್ಜ ಮಲಕಪ್ಪ ಒಳ್ಳೆಯ ಮನುಷ್ಯ. ಪುಣೆಯ ರವಿವಾರ ಪೇಠೆಯಲ್ಲಿ ಹಳಬರನ್ನು ಯಾರನ್ನೇ ಕೇಳಿ, ಹಾಗೇ ಹೇಳುತ್ತಾರೆ. ಒಳ್ಳೆಯವರ ಹಟ ಮನೆಯವರ ತಲೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಮಾತ್ರ ಅವರಿಗೆ ಕೇಳಬೇಡಿ. ಅದನ್ನು ನಮ್ಮ ಅಜ್ಜಿ ಸಾವಂತ್ರವ್ವನಿಗೆ ಕೇಳಬೇಕಿತ್ತು.

ಅಜ್ಜ ಬೈಲಹೊಂಗಲದ ಕಡೆಯವನು. ಇಪ್ಪತ್ತನೆಯ ಶತಮಾನ ಇನ್ನೂ ಹೊಸದಿದ್ದಾಗ ಬೆಲ್ಲದ ವ್ಯಾಪಾರಿಯೊಬ್ಬನ ಅಡುಗೆಯವನಾಗಿ ಪುಣೆಗೆ ಬಂದ. ವ್ಯಾಪಾರಿ ಊರಿಗೆ ಮರಳಿದ, ಅಜ್ಜ ಉಳಿದ. ಹಸಿದು ಒಂದು ಖಾನಾವಳಿಗೆ ಹೋಗಿ ಕುಳಿತನಂತೆ. ತಟ್ಟೆಗೆ ಅನ್ನ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಆಗ ಯಾರೋ, ನೀನು ಯಾವ ಜನ ಎಂದು ಕೇಳಿದರು. ಇವನು ಹೇಳಿದ. ತಟ್ಟೆಯ ಮುಂದಿನಿಂದ ಎಬ್ಬಿಸಿ ಕಳಿಸಿದರು.

ಆ ಸಿಟ್ಟಿನಲ್ಲೇ ಅವನು ಊರಿನಿಂದ ಹೆಂಡತಿಯನ್ನು ಕರೆಸಿ, ಎರಡು ಕೋಣೆ ಹಿಡಿದು, ತನ್ನದೇ ಖಾನಾವಳಿ ಹಾಕಿದ. ಅಲ್ಲಿ ಒಂದೇ ಕಟ್ಟಳೆ. ಉಣ್ಣಲು ಬಂದವನಿಗೆ ಹೆಸರು, ಊರು, ಜಾತಿ ಏನನ್ನೂ ಕೇಳಕೂಡದು. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲವಾದರೆ ರೊಟ್ಟಿ ಹಾಕಿ ಸುಮ್ಮನಿರಿ. ಅಜ್ಜಿ ರೊಟ್ಟಿ ಬಡಿಯುವ ಸಪ್ಪಳವೇ ನಮ್ಮ ಬೋರ್ಡು. ಧಾರವಾಡ, ಬೆಳಗಾವಿಯ ಕಡೆಯ ಗುಮಾಸ್ತರು, ಅಡತಿ ಅಂಗಡಿಯವರು ಆ ಸಪ್ಪಳ ಹಿಡಿದೇ ಓಣಿಯೊಳಗೆ ಬರುತ್ತಿದ್ದರು.

ಹಿರಿಯ ಮಗ ಫಕೀರಪ್ಪ ಅಜ್ಜಿಯ ಜೀವ. ಅಜ್ಜಿಗೆ ರೊಟ್ಟಿಯ ಗರಿಗರಿ ಅಂಚೆಂದರೆ ಆಸೆ. ಎಲ್ಲರಿಗೂ ಬಡಿಸಿ ತಾನು ಕೂರುವ ಹೊತ್ತಿಗೆ ಉಳಿಯುತ್ತಿದ್ದದ್ದು ಮೆತ್ತಗಾದ ರೊಟ್ಟಿ. ಅದಕ್ಕೇ ಫಕೀರಪ್ಪ ಸಣ್ಣವನಿದ್ದಾಗಿನಿಂದ ತನ್ನ ರೊಟ್ಟಿಯ ಅಂಚನ್ನು ಸುತ್ತಲೂ ಒಂದೇ ತುಂಡಾಗಿ, ಬಳೆಯ ಹಾಗೆ ತೆಗೆದು, ತಟ್ಟೆಯ ಪಕ್ಕದಲ್ಲಿ ಅವ್ವನಿಗೆಂದು ಇಡುತ್ತಿದ್ದ. ಮೀಸೆ ಬಂದ ಮೇಲೂ ಬಿಡಲಿಲ್ಲ.

ಆ ಮಗ ಒಂದು ದಿನ ತಪ್ಪು ಮಾಡಿದ. ಅಜ್ಜ ಮಂಡಿಗೆ ಹೋಗಿದ್ದಾಗ, ಮೈತುಂಬ ಧೂಳಾಗಿದ್ದ ಒಬ್ಬಾತ ಬಂದು ಪಂಕ್ತಿಯಲ್ಲಿ ಕುಳಿತ. ಪಕ್ಕದಲ್ಲಿದ್ದ ವ್ಯಾಪಾರಿಗಳು ಗುಣುಗುಟ್ಟಿದರು, ನಾಳೆಯಿಂದ ಬರುವುದಿಲ್ಲ ಎಂದರು. ಫಕೀರಪ್ಪ ಹೆದರಿ, ಬಂದವನ ಜಾತಿ ಕೇಳಿ, ಎಬ್ಬಿಸಿ ಕಳಿಸಿದ. ಅಜ್ಜ ಮಂಡಿಯಿಂದ ಬಂದು, ಸಂಗತಿ ತಿಳಿದವನೇ ಎಲ್ಲರೆದುರು ಮಗನ ಕೈಯಿಂದ ಸೌಟು ಕಸಿದುಕೊಂಡ.

"ಉಣ್ಣೋ ಮನಶ್ಯಾನ್ನ ಎಬ್ಬಿಸಿದಿ. ಅವನ್ನ ಹುಡಿಕ್ಕೊಂಡು ಬಂದು ಇಲ್ಲಿ ಕುಂಡ್ರಸು. ಅಲ್ಲೀತನಕಾ ಈ ಹೊಸ್ತಿಲಾ ದಾಟಬ್ಯಾಡ" ಎಂದ.

ಪುಣೆಯಂಥ ಊರಲ್ಲಿ ಹೆಸರು ಗೊತ್ತಿಲ್ಲದವನನ್ನು ಎಲ್ಲಿ ಹುಡುಕುವುದು? ಅಪ್ಪನಿಗೆ ತಕ್ಕ ಮಗ. ಹುಡುಕುತ್ತ ಹೋದವನು ಮರಳಲೇ ಇಲ್ಲ. ಅಜ್ಜಿ ಗಂಡನ ಜೊತೆ ಜಗಳವಾಡಲಿಲ್ಲ, ಅತ್ತಳು, ರೊಟ್ಟಿ ಬಡಿದಳು. ಅಜ್ಜ ಕೊನೆಗಾಲಕ್ಕೆ ಬಾಗಿಲ ಕಡೆ ನೋಡುತ್ತ ಮಲಗಿರುತ್ತಿದ್ದ. "ಅವಾ ಒಬ್ಬನಽ ಬಂದರೂ ಒಳಗ ಕರೀರಿ" ಎಂದು ಹೇಳಿ ಸತ್ತ. ಆ ಬುದ್ಧಿ ಮೊದಲೇ ಬಂದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಆಮೇಲೆ ಖಾನಾವಳಿ ಕಿರಿಯ ಮಗ ಮಹಾಲಿಂಗನ ಕೈಗೆ ಬಂತು. ಅವನೇ ನಮ್ಮಪ್ಪ. ನಮ್ಮವ್ವ ಕಲ್ಲವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಫಕೀರಪ್ಪ ಹೋಗಿ ವರ್ಷಗಳಾಗಿದ್ದವು. ಅವಳು ಅವನ ಮುಖ ಕಂಡವಳಲ್ಲ.

ಎರಡನೆಯ ಮಹಾಯುದ್ಧದ ಕಾಲ. ಅಪ್ಪ ರೇಶನ್ನಿನ ಜೋಳಕ್ಕೆ ಸಾಲಿನಲ್ಲಿ ನಿಂತಿದ್ದ, ನಾನು ಶಾಲೆಯಲ್ಲಿದ್ದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಒಳಗೆ ಒಲೆಯ ಮುಂದೆ ಕೈಯಂದಾಜಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಡ್ಡ ನರೆತ ಒಬ್ಬಾತ ಬಂದು ಮೂಲೆಯಲ್ಲಿ ಕುಳಿತ. ಅವ್ವ ಬಡಿಸಿದಳು.

"ಒಳಗ ರೊಟ್ಟಿ ಬಡಿಯಾಕತ್ತವರು ಯಾರ್ರೀ?" ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ನಮ್ಮ ಅತ್ತೀರಿ."

"ಮಾಲಕರು ಕಾಣವಲ್ರು?"

"ಮಾವನವರು ತೀರಿಕೊಂಡು ಭಾಳ ದಿನಾ ಆತ್ರಿ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಯಾರು ನೀವು, ಯಾಕೆ ಅಳುತ್ತೀರಿ ಎಂಬ ಮಾತು ಅವ್ವನ ಬಾಯಿಯ ತನಕ ಬಂದಿತ್ತು. ಆದರೆ ಮನೆಯ ಕಟ್ಟಳೆ. ಅವಳು ಮುಖ ತಿರುಗಿಸಿ ನೀರಿನ ತಂಬಿಗೆ ತರಲು ಹೋದಳು. ಕೇಳಲಿ ಎಂದೇ ಆತ ಕಾದಿದ್ದನೋ ಏನೋ. ಅವಳು ಬರುವಷ್ಟರಲ್ಲಿ ಎದ್ದು ಹೋಗಿದ್ದ.

ರೊಟ್ಟಿ ಬಡಿದು ಮುಗಿದ ಮೇಲೆ ತಟ್ಟೆ ಎತ್ತಲು ಅಜ್ಜಿಯೇ ತಡವರಿಸುತ್ತ ಹೊರಗೆ ಬಂದಳು. ನೆಲದ ಮೇಲೆ ಏನೋ ಕೈಗೆ ತಾಕಿತು. ಗರಿಗರಿ ಅಂಚು, ಸುತ್ತಲೂ ಒಂದೇ ತುಂಡು.

ಅವಳು ಅದನ್ನು ಹಿಡಿದುಕೊಂಡೇ "ಫಕೀರೂ" ಎಂದು ಓಣಿಗೆ ಓಡಿ ಬಿದ್ದಳು. ಎದುರು ಮನೆಯ ರಂಗೂಬಾಯಿ ಬಂದು ಎಬ್ಬಿಸಿದಳು. ಗಡ್ಡದವನೊಬ್ಬ ಬಹಳ ಹೊತ್ತು ಓಣಿಯ ಮೂಲೆಯಲ್ಲಿ ನಿಂತು ನಮ್ಮ ಬಾಗಿಲನ್ನೇ ನೋಡಿದ, ಈಗಷ್ಟೇ ಹೋದ ಎಂದು ಮರಾಠಿಯಲ್ಲಿ ಹೇಳಿದಳು. ಅಪ್ಪ ಸ್ಟೇಶನ್ನು, ಧರ್ಮಶಾಲೆ ಎಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಅವ್ವ ಗೋಡೆಗೆ ತಲೆ ಚಚ್ಚಿಕೊಂಡಳು. ನಾನು ಅವಳನ್ನು ಬೈಯಲಾರೆ. ಅವಳಿಗೆ ಹೇಳಿಕೊಟ್ಟದ್ದನ್ನು ಅವಳು ಮಾಡಿದಳು.

ಮರುದಿನದಿಂದ ಅಜ್ಜಿ ಒಲೆ ಬಿಟ್ಟು ಹೊಸ್ತಿಲ ಬಳಿ ಕುಳಿತಳು. ಬಂದವರನ್ನೆಲ್ಲ "ಯಾರಪಾ ನೀ? ಯಾರ ಮಗಾ?" ಎಂದು ಕೇಳತೊಡಗಿದಳು. ಅಜ್ಜನ ಕಟ್ಟಳೆ ಅವಳೇ ಮುರಿದಳು, ತಡೆಯುವ ಧೈರ್ಯ ಅಪ್ಪನಿಗಾಗಲಿಲ್ಲ. ಒಂದು ಮಧ್ಯಾಹ್ನ ಹಾಗೆ ಕೇಳಿದ್ದೇ ತಡ, ಮೆಟ್ಟಿಲೇರಿದ್ದ ಹೆಜ್ಜೆಗಳು ಹಿಂದಕ್ಕೆ ಇಳಿದವು.

"ಯಾಕ ಹೋದಾ ಅಂವಾ?" ಎಂದಳು ಅಜ್ಜಿ.

ಅವ್ವ ತಡೆದು ತಡೆದು ಹೇಳಿದಳು. "ಜಾತಿ ಕೇಳತೀರಿ ಅಂತ ತಿಳಕೊಂಡ್ರಿ ಅತ್ತಿ. ಹಸಿದಿದ್ನೋ ಏನೋ."

ಅಜ್ಜಿ ಎದ್ದು ಒಳಗೆ ಹೋದಳು. ಆಮೇಲೆ ಯಾರಿಗೂ ಏನನ್ನೂ ಕೇಳಲಿಲ್ಲ. ಆದರೆ ಉಂಡ ತಟ್ಟೆಗಳನ್ನು ತಾನೇ ಎತ್ತುತ್ತೇನೆಂದು ಹಟ ಹಿಡಿದಳು. ಪ್ರತಿ ತಟ್ಟೆಯ ಸುತ್ತ ನೆಲದ ಮೇಲೆ ಬೆರಳಾಡಿಸಿ ನೋಡಿಯೇ ಎತ್ತುತ್ತಿದ್ದಳು. ಊರೆಲ್ಲ ಧ್ವಜ ಏರಿಸಿ ಪೇಢೆ ಹಂಚಿದ ಸ್ವಾತಂತ್ರ್ಯದ ದಿನವೂ ಬಿಡಲಿಲ್ಲ.

ಅವಳು ಹಾಸಿಗೆ ಹಿಡಿಯುವ ಸ್ವಲ್ಪ ದಿನ ಮೊದಲು ನಮ್ಮವ್ವನಿಗೆ ನೋಡಲಾಗದೆ, ತಾನೇ ಒಂದು ರೊಟ್ಟಿಯ ಅಂಚು ತೆಗೆದು ಉಂಡ ತಟ್ಟೆಯೊಂದರ ಪಕ್ಕ ಇಟ್ಟಳು. ಅಜ್ಜಿಯ ಬೆರಳುಗಳು ಅದರ ಮೇಲೆ ಬಂದು ನಿಂತವು. ಸುತ್ತಲೂ ಒಮ್ಮೆ ಸವರಿ ನೋಡಿದಳು.

"ಇದು ನೀ ಇಟ್ಟದ್ದು, ಕಲ್ಲವ್ವಾ" ಎಂದಳು. "ನಡುವ ಮುರದೈತಿ."

ಹೇಳಿ, ಅಲ್ಲೇ ಕುಳಿತು, ಅದನ್ನು ತಿಂದಳು.